ದುರ್ಬೀನು ಚೀಲದಲ್ಲಿ, ಹಕ್ಕಿ ಕಿವಿಯಲ್ಲಿ

ಮೇ ಕೊನೆ. ಗಣೇಶಗುಡಿಯ ಕಾಡಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. "ದುರ್ಬೀನು ಚೀಲದಾಗ ಇಡ್ರಿ ಸರ್, ಈಗ ಅದಕ್ಕ ಕೆಲಸಿಲ್ಲ" ಅನ್ನುತ್ತಾನೆ ಜೊತೆಗೆ ಬಂದ ಹುಡುಗ. ವಿಜಯಪುರದ ಬಯಲಿನವ ನಾನು. ನಮ್ಮಲ್ಲಿ ಟಿಟ್ಟಿಭ ಒದರಿದರೆ ತಲೆ ಎತ್ತಿದರಾಯಿತು, ಕಾಣುತ್ತದೆ. ಇಲ್ಲಿ ಹತ್ತು ಮಾರಿನಾಚೆ ಬರೀ ಎಲೆ.

ಕಾಳಿ ನದಿಯ ಕಡೆಯಿಂದ ಯಾರೋ ಸಿಳ್ಳೆ ಹಾಕುತ್ತಿದ್ದಾರೆ. ರಾಗ ಕೂಡುವಷ್ಟರಲ್ಲಿ ಮರೆತು, ಮತ್ತೆಲ್ಲಿಂದಲೋ ಎತ್ತಿಕೊಳ್ಳುತ್ತಾರೆ. ಮಲಬಾರ್ ಸಿಳ್ಳೆಹಕ್ಕಿಯಂತೆ! ಇಂಗ್ಲಿಷಿನಲ್ಲಿ ಇದಕ್ಕೆ 'ಸಿಳ್ಳೆ ಹಾಕುವ ಶಾಲಾ ಹುಡುಗ' ಎಂಬ ಅಡ್ಡಹೆಸರೇ ಇದೆ.

ತಿರುವಿನಲ್ಲಿ ಕುಟ್ರುಹಕ್ಕಿ. ಮೊದಲು 'ಟರ್‌ರ್' ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ 'ಕುಟ್ರೂ ಕುಟ್ರೂ' ಶುರುವಿಟ್ಟರೆ ನಿಲ್ಲಿಸುವ ಮಾತೇ ಇಲ್ಲ. ಒಂದು ಸುಮ್ಮನಾಗುವ ಮೊದಲೇ ಪಕ್ಕದ ಮರದ್ದು ಹಿಡಿದುಕೊಳ್ಳುತ್ತದೆ. ಹಸಿರು ಎಲೆಯಲ್ಲಿ ಹಸಿರು ಹಕ್ಕಿ, ಹುಡುಕುವುದೇ ದಂಡ.

ಪೊದೆಯೊಳಗಿಂದ 'ವುಪ್-ಪು-ಪು-ಪು', ಅದರ ಬಾಲಕ್ಕೇ ಅಂಟಿಕೊಂಡು ಒಂದು 'ಕ್ರೂಕ್'. ಒಂದೇ ಗಂಟಲು ಅನ್ನಿಸುತ್ತದೆ. ಹುಡುಗ ಎಡಗೈ ಬೆರಳನ್ನು ಒಂದು ಪೊದೆಗೆ, ಬಲಗೈ ಬೆರಳನ್ನು ಇನ್ನೊಂದಕ್ಕೆ ಚಾಚುತ್ತಾನೆ: ಕುಡುಗೋಲು ಕೊಕ್ಕಿನ ಹರಟೆಮಲ್ಲ, ಗಂಡು ಅಲ್ಲಿ, ಹೆಣ್ಣು ಇಲ್ಲಿ. ಇಂಥ ಜುಗಲ್‌ಬಂದಿಗೆ ತಾಳ ತಪ್ಪುವುದೇ ಇಲ್ಲವಲ್ಲ!

ಕಿವಿಗೊಟ್ಟು ಕದಲದೆ ನಿಲ್ಲುವವರೆಂದರೆ ಉಂಬಳಗಳಿಗೆ ಬಲು ಪ್ರೀತಿ. ಸಾಕ್ಸಿನೊಳಗೆ ಆಗಲೇ ಪಂಕ್ತಿ ಕೂತಿದೆ.

ಮುಂದೆ ಗದ್ದಲವೋ ಗದ್ದಲ. ಹಾವುಗಿಡುಗ, ಶಿಕ್ರ... ಫೋನಿನ ಆ್ಯಪ್ ಒಂದರ ಮೇಲೊಂದು ಹೆಸರು ಎಸೆಯುತ್ತಿದೆ. ಹುಡುಗನಿಗೆ ನಗು. ಎಲ್ಲವೂ ಒಂದೇ ಕೊಂಬೆಯಿಂದ, ಸಾಲಾಗಿ ಬರುತ್ತಿವೆ. ನಡುನಡುವೆ ಲೋಹದ ನಾದದ ಸ್ವಂತ ಸ್ವರ. ಭೀಮರಾಜ ಹಕ್ಕಿಯ ಮಿಮಿಕ್ರಿ.

ಆಗ ತಲೆಯ ಮೇಲೆ 'ಹುಸ್ಸ್, ಹುಸ್ಸ್'. ಇದು ಗಂಟಲಿನದಲ್ಲ, ದೊಡ್ಡ ಮಂಗಟ್ಟೆಯ ರೆಕ್ಕೆಯದು. ರೆಕ್ಕೆಯಡಿ ದೊಡ್ಡ ಗರಿಗಳ ಬುಡ ಮುಚ್ಚುವ ಪುಟ್ಟ ಗರಿಗಳು ಸಾಲದೆ, ಸಂದುಗಳಲ್ಲಿ ಗಾಳಿ ನುಗ್ಗಿ ಈ ಸದ್ದು. ಹಕ್ಕಿ ಮಾತ್ರ ಎಲೆಯ ಸೂರಿನಾಚೆಯೇ ದಾಟಿಹೋಯಿತು.

ರಾತ್ರಿ ಊಟದ ಹೊತ್ತಿಗೆ ಹೊರಗೆ 'ಚಕ್, ಚಕ್, ಚಕ್'. ನತ್ತಿಂಗ ಹಕ್ಕಿ ಅಂತ ಹುಡುಗ, ಕಪ್ಪೆ ಅಂತ ಅಡುಗೆಯವರು. ಬ್ಯಾಟರಿ ಹಿಡಿದು ಇಬ್ಬರೂ ವಾದ ಮಾಡುತ್ತಲೇ ಹೊರಟಿದ್ದಾರೆ, ಸಾರು ಬಡಿಸುವವರಿಲ್ಲ.