ಜೆರಾಕ್ಸ್ ಪ್ರತಿಯೂ ನಮ್ಮ ಮನೆಯೂ

ಮುಂಬಯಿಯಲ್ಲಿ ಬಾಡಿಗೆಗೆ ಇದ್ದವರಿಗೆ ಹನ್ನೊಂದು ತಿಂಗಳು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಮುಗಿಯುತ್ತೆ, ಬ್ರೋಕರನಿಗೆ ಮತ್ತೊಂದು ತಿಂಗಳ ಬಾಡಿಗೆ, ಮತ್ತೆ ಟೆಂಪೋ, ಮತ್ತೆ ಗ್ಯಾಸಿನವರ ಹತ್ರ ವಿಳಾಸ ಬದಲಾವಣೆ. ಮದುವೆಯಾದ ಎಂಟು ವರ್ಷಗಳಲ್ಲಿ ನಾವು ಐದು ಮನೆ ಬದಲಾಯಿಸಿದ್ವಿ. ಮುಲುಂಡಿನಿಂದ ಥಾಣೆ, ಥಾಣೆಯಿಂದ ಡೊಂಬಿವಲಿ... ಸೆಂಟ್ರಲ್ ಲೈನಿನಲ್ಲಿ ದೂರ ದೂರ ಸರಿಯುತ್ತಾ.

2003ರ ಹೊತ್ತಿಗೆ ಗೃಹಸಾಲದ ಬಡ್ಡಿ ಇಳಿದಿತ್ತು. ತೊಂಬತ್ತರ ದಶಕದ ಕೊನೆಗೆ ಶೇಕಡಾ 13-14 ಇದ್ದದ್ದು ಎಂಟರ ಆಸುಪಾಸಿಗೆ ಬಂದಿತ್ತು. ನನ್ನಂಥ ಸಂಬಳದವನೂ ಧೈರ್ಯವಾಗಿ ಲೆಕ್ಕ ಹಾಕಬಹುದಾಗಿತ್ತು. ಡೊಂಬಿವಲಿ ಪೂರ್ವದಲ್ಲಿ ಒಂದು ಮನೆ ಹಿಡಿಸಿತು. ಲಿಫ್ಟಿಲ್ಲದ ಹಳೆ ಕಟ್ಟಡ, ಮೂರನೇ ಮಹಡಿ, ಐದೂವರೆ ಲಕ್ಷ. ಬ್ರೋಕರು 500 ಚದರಡಿ ಅಂದ. ನನ್ನ ಹೆಂಡತಿ ಟೈಲರಿಂಗ್ ಟೇಪು ಹಿಡಿದು ಅಳೆದರೆ ಗೋಡೆಯೊಳಗೆ ಸಿಕ್ಕಿದ್ದು 360! ಇರಲಿ ಅಂತ 25 ಸಾವಿರ ಟೋಕನ್ ಕೊಟ್ವಿ.

ಕಾಗದಪತ್ರ ನೋಡಿದ ಬ್ಯಾಂಕಿನ ವಕೀಲರು ತಲೆ ಅಲ್ಲಾಡಿಸಿದ್ರು. ರೀಸೇಲ್ ಫ್ಲ್ಯಾಟಿಗೆ ಮೊದಲಿನಿಂದ ಇವತ್ತಿನವರೆಗಿನ ಎಲ್ಲ ಅಗ್ರಿಮೆಂಟುಗಳ ಮೂಲಪ್ರತಿ ಬೇಕು. ಬಿಲ್ಡರಿನಿಂದ ಮೊದಲನೆಯವರು ಕೊಂಡದ್ದು ಇತ್ತು. ಎರಡನೆಯವರಿಂದ ಈಗಿನ ಮಾಲೀಕರು ಕೊಂಡದ್ದೂ ಇತ್ತು. ನಡುವಿನದ್ದು, ಅಂದ್ರೆ ಮೊದಲನೆಯವರಿಂದ ಎರಡನೆಯವರಿಗೆ ಮಾರಿದ್ದು ಮಾತ್ರ ಬರೀ ಜೆರಾಕ್ಸು.

ಬ್ರೋಕರನಿಗೆ ಇದೊಂದು ವಿಷಯವೇ ಅಲ್ಲ. ಬ್ಯಾಂಕು ಬಿಡಿ, ಎರಡು ಲಕ್ಷ ಕ್ಯಾಶ್ ಕೊಡಿ, ಉಳಿದದ್ದಕ್ಕೆ ಬೇರೆ ಕಡೆ ಸಾಲ ಮಾಡಿಸ್ತೀನಿ ಅಂದ. ವಾರಕ್ಕೊಮ್ಮೆ "ಬೇರೆ ಪಾರ್ಟಿ ರೆಡಿ ಇದೆ" ಅಂತ ಫೋನು. ಆ ಪಾರ್ಟಿಯನ್ನು ಕಂಡವರು ಯಾರೂ ಇಲ್ಲ ಬಿಡಿ. ಆದರೂ ಪ್ರತಿ ಫೋನಿಗೂ ಹೊಟ್ಟೆಯೊಳಗೆ ತಳಮಳ. ಬಾಡಿಗೆ ಕರಾರಿಗೆ ಇನ್ನು ಮೂರೇ ತಿಂಗಳು, ಜೂನ್‌ನಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಕೈಯಿಂದ ಹಾಕೋ ದುಡ್ಡಿಗೆ ಪಿಎಫ್ ತೆಗೆದಾಗಿತ್ತು, ಅವಳ ನಾಲ್ಕು ಬಳೆ ಮಾರಿಯಾಗಿತ್ತು. ಒಂದು ರಾತ್ರಿ, ಹೇಗಾದ್ರೂ ಮುಗಿಸಿಬಿಡೋಣ ಅಂತ ನಾನು ಅಂದಾಗ ಅವಳು, "ಬಳೆ ಮಾರಿದ್ದು ಮನೆಗೆ ಮಾರಾಯ್ರೇ, ಜೆರಾಕ್ಸಿಗಲ್ಲ" ಅಂದಳು.

ಅಲ್ಲಿಗೆ ತೀರ್ಮಾನವಾಯ್ತು.

ಮೂಲಪ್ರತಿ ಕಳೆದರೂ ದಾರಿ ಇದೆ, ಸ್ವಲ್ಪ ಉದ್ದ ಅಷ್ಟೇ. ಮಾಲೀಕರು ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ನಮ್ಮ ಮಾಲೀಕರು ರಿಟೈರಾಗಿ ನಾಸಿಕ್ ಸೇರಿದ್ರು, ಅವರನ್ನು ಒಪ್ಪಿಸಿ ಕರೆಸೋಕೇ ಒಂದು ತಿಂಗಳು. ಆಮೇಲೆ ಇಂಗ್ಲಿಷ್ ಮತ್ತು ಮರಾಠಿ ಪತ್ರಿಕೆಗಳಲ್ಲಿ ನೋಟೀಸು, ಆಕ್ಷೇಪಣೆಗೆ ಹದಿನೈದು ದಿನ, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು, ಇಂಡೆಕ್ಸ್ ಟೂ, ಸೊಸೈಟಿಯ ಎನ್‌ಓಸಿ. ಆಗ ಸರ್ಕಾರಿ ಕಚೇರಿಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ನನಗೆ ಬಿಡುವಿದ್ದದ್ದು ಶನಿವಾರ ಮಾತ್ರ. ಹಾಗಾಗಿ ತಿಂಗಳಿಗೆ ಎರಡೇ ಸಲ. ಒಟ್ಟು ಒಂಬತ್ತು ಶನಿವಾರ ಹೋದೆ. ದಪ್ಪ ದಪ್ಪ ರಿಜಿಸ್ಟರು ತಿರುವುತ್ತಿದ್ದ ಗುಮಾಸ್ತರು ಮೊದಮೊದಲು ಮುಖ ಎತ್ತುತ್ತಿರಲಿಲ್ಲ. ಐದನೇ ಸಲಕ್ಕೆ "ಯಾ ಅಣ್ಣಾ, ಬಸಾ" ಅಂತ ಸ್ಟೂಲು ಸರಿಸಿದ್ರು. ಆ ಸ್ಟೂಲಿನ ಮೇಲೆ ಕೂತು ಎಷ್ಟು ಕಟಿಂಗ್ ಚಾ ಕುಡಿದಿದ್ದೀನೋ!

ಅಷ್ಟರಲ್ಲಿ ಕರಾರು ಮುಗಿದು ಆರನೇ ಬಾಡಿಗೆ ಮನೆಗೂ ಹೋಗಿದ್ದಾಯ್ತು. ಟೆಂಪೋದಲ್ಲಿ ಸಾಮಾನು ಹೇರುವಾಗ ಮಗಳು, "ಇದೇನಾ ನಮ್ಮನೆ?" ಅಂತ ಕೇಳಿದ್ದಳು.

2004ರ ಗಣೇಶ ಚೌತಿಗೆ ಮುಂಚೆ ರಿಜಿಸ್ಟ್ರೇಷನ್ ಆಯ್ತು. ಅದೇ ಐದೂವರೆ ಲಕ್ಷ, ಪೂರ್ತಿ ಚೆಕ್ಕಿನಲ್ಲಿ.

ಈಗ ಕೊಳ್ಳುವವರಿಗೆ ಒಂದು ಮಾತು. 2017ರಿಂದ ರೇರಾ ಬಂದು, ಬಿಲ್ಡರುಗಳು ಹೊಸ ಫ್ಲ್ಯಾಟುಗಳನ್ನು ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಮಾರಬೇಕು, ಟೈಲರಿಂಗ್ ಟೇಪಿನ ಕೆಲಸ ಕಡಿಮೆಯಾಗಿದೆ. ಆದರೆ ಒಬ್ಬರಿಂದೊಬ್ಬರು ಕೊಳ್ಳುವ ಹಳೆ ಫ್ಲ್ಯಾಟಿಗೆ ಅದು ಅನ್ವಯಿಸೋದಿಲ್ಲ. ಇಂಡೆಕ್ಸ್ ಟೂ ಈಗ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲೇ ಹುಡುಕಬಹುದು. ಮೂಲಪ್ರತಿಗಳನ್ನು ಮಾತ್ರ ಕೈಯಲ್ಲಿ ಹಿಡಿದು, ಒಂದೊಂದಾಗಿ ಎಣಿಸಿ ನೋಡಿ.

ನಮ್ಮ ಆ ಕಾಗದ 2006ರಲ್ಲಿ ಸಿಕ್ಕಿತು. ಎರಡನೇ ಮಾಲೀಕರ ಮಗ ಹಳೆ ಎಲ್‌ಐಸಿ ಪಾಲಿಸಿಗಳ ನಡುವೆ ಕಂಡದ್ದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ರು, ಪಾಪ. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಜೆರಾಕ್ಸಿನ ಪಕ್ಕದಲ್ಲೇ ಫೈಲಿಗೆ ಹಾಕಿದಳು.