ಚಪ್ಪರ ಇಳಿದ ಮೇಲೆ

ಮದುವೆಯನ್ನು ಕುರಿತು ನಮ್ಮ ಕವಿಗಳು ಬರೆದಿರುವುದಕ್ಕೆ ಲೆಕ್ಕವಿಲ್ಲ. ಮದುವೆಯ ಮರುವಾರವನ್ನು ಕುರಿತು ಬರೆದವರು ವಿರಳ. ಮಾವಿನ ತೋರಣ ಬಾಡಿ, ಬಾಡಿಗೆಯ ಪಾತ್ರೆಗಳು ಹಿಂದಿರುಗಿ, ದೂರದ ನೆಂಟರು ರೈಲು ಹತ್ತಿದ ಮೇಲೆ ಮನೆಯಲ್ಲಿ ಒಂದು ಬಗೆಯ ಮೌನ ನೆಲಸುತ್ತದೆ. ಆ ಮೌನದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನು ಹುಡುಕಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದು, ಪತ್ರಿಕೆಗಳಿಗೆ ಲೇಖನ ಬರೆದು ಖರ್ಚಿನ ಉಳಿದರ್ಧವನ್ನು ತೂಗಿಸುವ ನನ್ನಂಥವನಿಗೆ ಆ ಕೆಲಸವೆಂದರೆ ಮೇಜು, ಕಾಗದ ಮತ್ತು ಸಂಪಾದಕರಿಗೆ ಕೊಟ್ಟ ಮಾತು. ತರಗತಿಗಳು ನಡೆಯದ ತಿಂಗಳುಗಳಲ್ಲಿ ವೇತನವೂ ನಡೆಯದು. ಆಗ ಮನೆಯನ್ನು ನಡೆಸುವುದು ಲೇಖನಿಯೇ.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಕಳೆದ ಮಾರ್ಗಶಿರದಲ್ಲಿ, ಹೊಸಪೇಟೆಯಲ್ಲಿ ನನ್ನ ಮದುವೆ ನೆರವೇರಿತು. ಮುಯ್ಯಿ ಬರೆದ ಪುಸ್ತಕವನ್ನು ಮುಚ್ಚಿಡುವ ಹೊತ್ತಿಗೆ ಮಾವನವರು ಮೆಲ್ಲನೆ ಕೇಳಿದರು: “ಅಳಿಯಂದಿರೇ, ಪಾಠ ಹೇಳೋದು ಬ್ಯಾಡ ಅನ್ನಂಗಿಲ್ಲ. ಆದರ ಈ ಬರಿಯೋದರಿಂದ ಮನೆ ನಡೀತೈತೇನು?” ಅವರ ದನಿಯಲ್ಲಿ ಕುಹಕವಿರಲಿಲ್ಲ, ಮಗಳ ತಂದೆಗೆ ಸಹಜವಾದ ಚಿಂತೆಯಿತ್ತು. ಕಂಪ್ಲಿಯಲ್ಲಿ ಅವರ ಪರಿಚಿತರ ಅಕ್ಕಿಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿಯಿದೆಯೆಂದೂ, ಸಂಜೆಯ ಹೊತ್ತು ಹೋದರೆ ಸಾಕೆಂದೂ, ಮುಂದಿನ ಭಾನುವಾರ ನಾವು ಅವರ ಮನೆಗೆ ಊಟಕ್ಕೆ ಬಂದಾಗ ಉತ್ತರ ಹೇಳಬಹುದೆಂದೂ ತಿಳಿಸಿದರು. ನಾನು ಬರೆಯುವುದೆಲ್ಲ ಸಂಜೆಯ ಹೊತ್ತಿನಲ್ಲೇ. ಆದ್ದರಿಂದ ಆ ವಾರದಲ್ಲಿ ನವದಂಪತಿಗಳಾಗಿ ನಾವು ಮಾಡಿದ ಪುಟ್ಟ ಪ್ರವಾಸಗಳಿಗೆಲ್ಲ ಆ ಪ್ರಶ್ನೆಯೂ ಜೊತೆಯಾಗಿತ್ತು.

ಮೊದಲ ದಿನ ತುಂಗಭದ್ರಾ ಅಣೆಕಟ್ಟಿನವರೆಗೆ ಹೋದೆವು. ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. 1953ರಲ್ಲಿ ಸಿದ್ಧವಾದ ಈ ಅಣೆಕಟ್ಟಿಗೆ 33 ಗೇಟುಗಳು. ಮಳೆಗಾಲದಲ್ಲಿ ಅವು ತೆರೆದಾಗ ಜನ ಜಾತ್ರೆಗೆ ಬಂದಂತೆ ಬಂದು ನೀರನ್ನು ನೋಡಿ ಹಿಗ್ಗುತ್ತಾರೆ. ಗೇಟಿನ ಸರಪಳಿಯನ್ನು ನೋಡಲು ಯಾರೂ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಅದರ ಬೆಲೆ ನಾಡಿಗೆಲ್ಲ ತಿಳಿಯಿತು. ಒಂದು ವಾರದೊಳಗೆ, ನೀರು ರಭಸದಿಂದ ಹರಿಯುತ್ತಿರುವಾಗಲೇ, ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಕೆಲಸಗಾರರು ಆ ಬಾಯಿಯನ್ನು ಮುಚ್ಚಿದರು. ಸಂಭ್ರಮದ ಹಿಂದೆ ಯಾರ ಕಣ್ಣಿಗೂ ಬೀಳದ ನಿತ್ಯದ ಆರೈಕೆಯೊಂದು ಇದ್ದೇ ಇರುತ್ತದೆ.

ಮರುದಿನ ಹಂಪಿ. ವಿರೂಪಾಕ್ಷನಿಗೂ ಪಂಪಾದೇವಿಗೂ ನಿಶ್ಚಿತಾರ್ಥವೆನಿಸುವ ಫಲಪೂಜೆ ನಡೆಯುವುದು ಈ ಋತುವಿನಲ್ಲಿಯೇ. ಕಲ್ಯಾಣ ಮತ್ತು ರಥೋತ್ಸವ ಚೈತ್ರದಲ್ಲಿ. ದೇವರ ಮದುವೆಗೂ ನಿಶ್ಚಿತಾರ್ಥಕ್ಕೂ ನಡುವೆ ನಾಲ್ಕು ತಿಂಗಳ ಸಾಮಾನ್ಯ ದಿನಗಳಿವೆ. ಆ ದಿನಗಳಲ್ಲಿಯೂ ಪೂಜೆ ತಪ್ಪುವುದಿಲ್ಲ. ಕನ್ನಡದ ವಿದ್ಯಾರ್ಥಿಗೆ ಈ ಗುಡಿಯಲ್ಲಿ ಹರಿಹರನ ನೆನಪಾಗದಿರದು. ಹೊಯ್ಸಳರ ಆಸ್ಥಾನದಲ್ಲಿ ಅವನು ಕರಣಿಕನಾಗಿದ್ದನೆಂದೂ, ಅರಸನಿಗೆ ಲೆಕ್ಕ ಒಪ್ಪಿಸುತ್ತಿದ್ದಾಗ ಹಂಪಿಯ ಗುಡಿಯ ತೆರೆಗೆ ಹತ್ತಿದ ಕಿಚ್ಚು ಅವನ ಮನಸ್ಸಿಗೆ ಹೊಳೆದು, ಅದನ್ನು ನಂದಿಸುವವನಂತೆ ಅಲ್ಲಿಯೇ ಕೈ ಹೊಸಕಿದನೆಂದೂ, ಬಳಿಕ ಉದ್ಯೋಗವನ್ನು ತೊರೆದು ಹಂಪಿಗೆ ಬಂದನೆಂದೂ ಐತಿಹ್ಯ. ಲೆಕ್ಕದ ಕೆಲಸ ಬಿಟ್ಟು ಬರವಣಿಗೆಗೆ ಬಂದವನ ಕಥೆ! ಆ ವಾರ ಅದನ್ನು ನೆನೆದು ನನಗೆ ನಗು ಬಂತು. ಧೈರ್ಯವೂ ಬಂತೆಂದರೆ ಅತಿಶಯೋಕ್ತಿಯಾದೀತು. ಹರಿಹರನಿಗೆ ಮಾವನವರು ಪ್ರಶ್ನೆ ಕೇಳಿದ ದಾಖಲೆಯಿಲ್ಲ.

ಆದರೆ ಒಂದು ಸಂಗತಿ ಗಮನಾರ್ಹ. ಶಿವಪಾರ್ವತಿಯರ ಮದುವೆಯನ್ನು ಚಂಪೂಕಾವ್ಯದ ವೈಭವದಲ್ಲಿ ಹಾಡಿದ ‘ಗಿರಿಜಾಕಲ್ಯಾಣ’ದ ಕವಿಯೇ ಕುಂಬಾರ ಗುಂಡಯ್ಯನ ರಗಳೆಯನ್ನೂ ಬರೆದನು. ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿಯುತ್ತಾನೆ. ಅಲ್ಲಿ ಹಬ್ಬವೂ ಇಲ್ಲ, ಚಪ್ಪರವೂ ಇಲ್ಲ. ಇರುವುದು ನಿತ್ಯದ ಕಸುಬು ಮಾತ್ರ.

ಮಧ್ಯಾಹ್ನ ಮಹಾನವಮಿ ದಿಬ್ಬವನ್ನು ಹತ್ತಿದೆವು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ನವರಾತ್ರಿಯ ಕುಸ್ತಿ, ನೃತ್ಯ, ಬಾಣಬಿರುಸುಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಅವನ ನಂತರ ಬರೆದ ನೂನಿಜ್, ನಾಯಕರು ಅರಸನಿಗೆ ಸಲ್ಲಿಸಬೇಕಾದ ಹಣವನ್ನು ಇದೇ ಹಬ್ಬದ ಸಮಯದಲ್ಲಿ ಒಪ್ಪಿಸುತ್ತಿದ್ದರೆಂದು ತಿಳಿಸುತ್ತಾನೆ. ಚಕ್ರವರ್ತಿಯ ಉತ್ಸವಕ್ಕೂ ಒಂದು ಮುಯ್ಯಿ ಪುಸ್ತಕವಿತ್ತೆನ್ನಬೇಕು! ಅದೇ ಪಾಯೆಸ್ ಇನ್ನೊಂದು ನೋಟವನ್ನೂ ಕಂಡಿದ್ದ: ಕೆರೆಯೊಂದರ ಕಾಮಗಾರಿಯಲ್ಲಿ ಇರುವೆಗಳಂತೆ ತೊಡಗಿದ್ದ ಹದಿನೈದು ಇಪ್ಪತ್ತು ಸಾವಿರ ಜನ. ಆ ಕೆರೆಯ ಏರಿ ಎರಡು ಮೂರು ಸಲ ಒಡೆದಿತ್ತಂತೆ. ಮತ್ತೆ ಮತ್ತೆ ಕಟ್ಟಿದರು.

ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಸಂಡೂರು. ಅಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಹೋಳಿಗೆ ಊಟ. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಈ ಊರನ್ನು 1934ರಲ್ಲಿ ಗಾಂಧೀಜಿ ಕಂಡು ಮೆಚ್ಚಿದ್ದರು. ಇಂದು ಹಸಿರು ಬೆಟ್ಟಗಳ ನಡುವೆ ಕಬ್ಬಿಣದ ಅದಿರಿನ ಕೆಂಧೂಳೂ ಉಂಟು. ಲಂಬಾಣಿ ಕಸೂತಿಗೆ ಸಂಡೂರು ಹೆಸರಾಗಿದೆ. ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಚಿಕ್ಕಮ್ಮನ ನೆರೆಯಲ್ಲಿ ಹಿರಿಯ ಲಂಬಾಣಿ ಹೆಂಗಸೊಬ್ಬರು ಅಂಗಳದಲ್ಲಿ ಕುಳಿತು ಕನ್ನಡಿಬಿಲ್ಲೆಗಳನ್ನು ಬಟ್ಟೆಗೆ ಹೊಲಿಯುತ್ತಿದ್ದರು. ದೊಡ್ಡ ಪ್ರದರ್ಶನ ಮುಗಿದ ಮೇಲೆ ಬೇಸರವಾಗಲಿಲ್ಲವೇ ಎಂದು ಕೇಳಿದೆ. ಅವರು ತಲೆಯೆತ್ತದೆ ಹೇಳಿದರು: “ಹಬ್ಬದ ದಿನ ಸೂಜಿ ಮುಟ್ಟಂಗಿಲ್ಲ ಸರ, ಮರುದಿನ ಬಿಡಂಗಿಲ್ಲ. ಬಿಟ್ಟರ ಕೈ ಮರೀತೈತಿ.” ಕೂಲಿ ತಿಂಗಳಿಗೋ ಎಂದರೆ, ಅಲ್ಲ, ಒಂದೊಂದು ತುಣುಕಿಗೆ ಇಷ್ಟೆಂದು ಲೆಕ್ಕ. ನನ್ನ ಪತ್ನಿ ನನ್ನತ್ತ ತಿರುಗಿ, “ನಿಮ್ಮ ಪತ್ರಿಕೆಯವರೂ ಹಿಂಗೇ ಕೊಡ್ತಾರಲ್ಲ ರೀ?” ಎಂದಳು. ಹಿಂದಿರುಗುವ ಬಸ್ಸಿನಲ್ಲಿ ಅವಳೇ ಮತ್ತೆ ಮಾತು ತೆಗೆದಳು: ಸಂಜೆಗಳನ್ನು ಗಿರಣಿಗೆ ಕೊಟ್ಟರೆ ಕೈ ಮರೆಯುತ್ತದೆಯೇ ಎಂದು. ಮರೆಯಬಹುದು ಎಂದೆ. ಹಾಗಾದರೆ ಅಪ್ಪನಿಗೆ ಹಾಗೆಯೇ ಹೇಳಿಬಿಡಿ ಎಂದಳು.

ಭಾನುವಾರ ಕಂಪ್ಲಿಗೆ ಹೋದೆವು. ಕಂಪಿಲರಾಯನ, ಕುಮಾರರಾಮನ ನಾಡು ಇದು. 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಆ ರಾಜ್ಯ ಬಲಿಯಾಯಿತು. ಅದಾದ ಒಂಬತ್ತು ವರ್ಷಕ್ಕೆ, 1336ರಲ್ಲಿ, ಇದೇ ನದಿಯ ದಂಡೆಯಲ್ಲಿ ವಿಜಯನಗರ ತಲೆಯೆತ್ತಿತೆಂಬುದು ಪರಂಪರೆಯ ಮಾತು. ಊಟವಾದ ಮೇಲೆ ಮಾವನವರಿಗೆ ವಿಷಯವನ್ನು ಬಿಡಿಸಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಬಹಳ ಹೊತ್ತು ಸುಮ್ಮನಿದ್ದರು. “ಆಗಲಿ. ಮುಯ್ಯಿ ಪುಸ್ತಕದಾಗ ಹಾಳಿ ಉಳಿದಾವಲ್ಲ, ಬರವಣಿಗೆಯಿಂದ ಬಂದದ್ದನ್ನ ಅದರಾಗ ಬರಕೋತ ಹೋಗ್ರಿ. ವರ್ಷ ತುಂಬಲಿ, ಇಬ್ಬರೂ ಕುಂತು ನೋಡೋಣಂತ” ಎಂದರು. ಒಪ್ಪಿಗೆಯೆಂದರೆ ಒಪ್ಪಿಗೆ, ಪರೀಕ್ಷೆಯೆಂದರೆ ಪರೀಕ್ಷೆ. ಇದುವರೆಗೆ ಆ ಪುಸ್ತಕದಲ್ಲಿ ಮೂರು ಸಾಲು ತುಂಬಿವೆ.

ಕಂಪ್ಲಿಯ ಸುತ್ತ ಭತ್ತ, ಕಬ್ಬು, ಬಾಳೆ. ಈ ಹೊಲಗಳಿಗೆ ನೀರುಣಿಸುವ ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆಗಳು ವಿಜಯನಗರ ಕಾಲದವು. ಹಂಪಿಯ ಬಾಳೆತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆಯೂ ಹಾಗೆಯೇ. 1565ರ ಯುದ್ಧದ ನಂತರ ಅರಮನೆಗಳು ಉರಿದುಹೋದವು. ಒಂಬತ್ತು ರಾತ್ರಿಗಳ ಉತ್ಸವಕ್ಕೆ ಉಳಿದದ್ದು ಕಲ್ಲಿನ ಜಗಲಿ. ಕಾಲುವೆಗಳು ಮಾತ್ರ, ಪ್ರತಿ ತಲೆಮಾರಿನವರೂ ಹೂಳೆತ್ತಿ ದಂಡೆ ಕಟ್ಟುತ್ತ ಬಂದುದರಿಂದ, ಇಂದಿಗೂ ಬೆಳೆಗೆ ನೀರು ಕೊಡುತ್ತಿವೆ. ಹಂಪಿಗೆ ಹೋಗುವ ಓದುಗರು ಕಲ್ಲಿನ ರಥವನ್ನೂ ಮಹಾನವಮಿ ದಿಬ್ಬವನ್ನೂ ಅವಶ್ಯವಾಗಿ ನೋಡಲಿ. ಕಮಲಾಪುರದ ದಾರಿಯಲ್ಲಿ ಬಾಳೆತೋಟದ ಪಕ್ಕಕ್ಕೆ ಇಳಿದು, ಸದ್ದಿಲ್ಲದೆ ಹರಿಯುವ ಆ ನೀರಿನ ಬಳಿಯೂ ಹತ್ತು ನಿಮಿಷ ನಿಲ್ಲಲಿ ಎಂದು ನನ್ನ ಬಿನ್ನಹ.