ಅಕ್ಕಿ ಕಾಳಿನೊಳಗೆ ಇಣುಕುವ ಕ್ಷ-ಕಿರಣ

ಹರಿಹರಕ್ಕೆ ಬಂದವರು 1224ರಲ್ಲಿ ಕಟ್ಟಿದ ಹರಿಹರೇಶ್ವರ ದೇಗುಲ ನೋಡಿ, ತುಂಗಭದ್ರೆಗೆ ಕೈಮುಗಿದು ಹಿಂದಿರುಗುತ್ತಾರೆ. ಬಿಡುವಿದ್ದರೆ ಅದೇ ತಾಲ್ಲೂಕಿನ ಸಾರಥಿಯ ಕಡೆಗೂ ಒಮ್ಮೆ ಹೋಗಿ ಬನ್ನಿ. ಭದ್ರಾ ನಾಲೆಯಲ್ಲಿ ನೀರು ಹರಿದ ವರ್ಷ ಈ ಸೀಮೆಯ ತುಂಬ ಭತ್ತದ ಹಸಿರು. ಸುಗ್ಗಿ ಬಂತೆಂದರೆ ರಸ್ತೆಯ ಬದಿಯಲ್ಲೇ ಭತ್ತ ಒಣಗುತ್ತಿರುತ್ತದೆ.

ಆ ಭತ್ತದ ಒಂದು ಕಾಳನ್ನು ಕೈಗೆತ್ತಿಕೊಳ್ಳಿ. ರಕ್ತಕ್ಕೆ ಬೇಕಾದ ಕಬ್ಬಿಣ, ಮಕ್ಕಳ ಬೆಳವಣಿಗೆಗೆ ಬೇಕಾದ ಸತು ಎರಡೂ ಇದರಲ್ಲಿವೆ. ಆದರೆ ಕಾಳಿನ ಯಾವ ಭಾಗದಲ್ಲಿ? ಪುಡಿ ಮಾಡಿ ಪರೀಕ್ಷಿಸಿದರೆ ಎಷ್ಟಿದೆ ಎಂಬುದು ತಿಳಿದೀತು, ಎಲ್ಲಿದೆ ಎಂಬುದು ತಿಳಿಯದು. ಅದಕ್ಕಾಗಿ ವಿಜ್ಞಾನಿಗಳು ಕಾಳಿನ ತೆಳು ಬಿಲ್ಲೆಯ ಮೇಲೆ ಕ್ಷ-ಕಿರಣದ ಪುಟ್ಟ ಚುಕ್ಕೆಯನ್ನು ಸಾಲು ಸಾಲಾಗಿ ಹಾಯಿಸುತ್ತಾರೆ. ಕಿರಣ ಬಿದ್ದ ಕಡೆ ಪ್ರತಿ ಧಾತುವೂ ತನ್ನದೇ ಶಕ್ತಿಯ ಕ್ಷ-ಕಿರಣವನ್ನು ಹೊರಸೂಸುತ್ತದೆ. ಅದನ್ನು ಗುರುತಿಸಿ ನಕ್ಷೆ ಬರೆಯುತ್ತಾರೆ. ಚುಕ್ಕೆ ಚಿಕ್ಕದಾದಷ್ಟೂ ನಕ್ಷೆ ಸ್ಪಷ್ಟ.

ಕಷ್ಟವಿರುವುದು ಚುಕ್ಕೆ ಮಾಡುವುದರಲ್ಲೇ. ಭೂತಗನ್ನಡಿ ಬಿಸಿಲನ್ನು ಒಂದೆಡೆ ಕೂಡಿಸುವಂತೆ ಕ್ಷ-ಕಿರಣವನ್ನು ಕೂಡಿಸಲಾಗದು. ಗಾಜಿನಲ್ಲಿ ಅದು ಬಾಗುವುದು ಅತ್ಯಲ್ಪ. ಆದ್ದರಿಂದ ವಕ್ರೀಭವನವನ್ನು ಬಿಟ್ಟು ವಿವರ್ತನೆಯ ಮೊರೆಹೋಗುತ್ತಾರೆ. ತೆಳು ಪೊರೆಯ ಮೇಲೆ ಒಂದರ ಸುತ್ತ ಒಂದರಂತೆ ಚಿನ್ನದ ನೂರಾರು ಉಂಗುರಗಳು. ಅಂಚಿಗೆ ಹೋದಂತೆಲ್ಲ ಅವು ಸಣ್ಣ. ಇದೇ ವಲಯ ಫಲಕ. ನಿಂತ ನೀರಿಗೆ ಒಟ್ಟಿಗೆ ಎರಡು ಕಲ್ಲು ಎಸೆದಾಗ, ಉಬ್ಬಿಗೆ ಉಬ್ಬು ಸೇರಿದಲ್ಲಿ ಅಲೆ ಹೆಚ್ಚು ಏಳುತ್ತದಲ್ಲವೆ? ಉಂಗುರಗಳ ನಡುವೆ ನುಸುಳಿದ ಅಲೆಗಳೂ ಹಾಗೆಯೇ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಅಡ್ಡಿ ಮಾಡುವ ಅಲೆಗಳನ್ನು ಚಿನ್ನ ತಡೆಯುತ್ತದೆ, ಇಲ್ಲವೇ ಸರಿಹೊಂದಿಸುತ್ತದೆ. ಕೊನೆಯ ಉಂಗುರ ಎಷ್ಟು ಅಗಲವೋ ಚುಕ್ಕೆಯೂ ಸುಮಾರು ಅಷ್ಟೇ. 50 ನ್ಯಾನೊಮೀಟರ್ ಎಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲು! ಸಾವಿರಾರು ತೆಳು ಪದರಗಳನ್ನು ಪೇರಿಸಿದ ಮಸೂರಗಳಿಂದ 10 ನ್ಯಾನೊಮೀಟರಿಗೂ ಕಿರಿದಾದ ಚುಕ್ಕೆ ಸಾಧ್ಯವಾಗಿದೆ.

ಇದಕ್ಕೆ ಬೇಕಾದ ಪ್ರಖರ ಕ್ಷ-ಕಿರಣ ನಮ್ಮ ದೇಶದಲ್ಲೂ ಉಂಟು. ಇಂದೋರಿನಲ್ಲಿ, ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣನವರ ಹೆಸರಿನ ಕೇಂದ್ರದಲ್ಲಿರುವ ಇಂಡಸ್-2 ಅದನ್ನು ಒದಗಿಸುತ್ತದೆ. ಅಲ್ಲಿ ಕನ್ನಡಿಗಳ ನೆರವಿನಿಂದ ಮೈಕ್ರೊಮೀಟರ್ ಅಳತೆಯ ಚುಕ್ಕೆ ಮಾಡುತ್ತಾರೆ. ಕಾಳಿನ ಪದರಗಳನ್ನು ನೋಡಲು ಅಷ್ಟು ಸಾಕು. ಜೀವಕೋಶದ ಒಳಗನ್ನು ನೋಡಲು ಇನ್ನೂ ಕಿರಿದು ಬೇಕು.

ಜಗತ್ತಿನ ಹಲವೆಡೆ ಬರೆದ ಇಂಥ ನಕ್ಷೆಗಳು ಹೇಳುವುದೇನು? ಕಬ್ಬಿಣದ ಹೆಚ್ಚಿನ ಪಾಲು ಅಕ್ಕಿಯ ಹೊರಪದರ ಮತ್ತು ಮೊಳಕೆಯ ಭಾಗದಲ್ಲಿದೆ. ಸತು ಒಳಗೂ ಹರಡಿದೆ. ಮಿಲ್ಲಿನಲ್ಲಿ ಅಕ್ಕಿ ಬೆಳ್ಳಗಾದಂತೆ ಕಬ್ಬಿಣ ತೌಡಿನ ಚೀಲ ಸೇರುತ್ತದೆ. ಮಲ್ಲಿಗೆಯಂಥ ಅನ್ನವೇ ಬೇಕೆನ್ನುವ ತಂದೆತಾಯಂದಿರು ಪಾಲಿಷ್ ಕಡಿಮೆಯಿರುವ ಅಕ್ಕಿಯನ್ನೂ ಆಗಾಗ ಬಳಸಬಹುದು. ವಿವರ್ತನೆಯ ಪಾಠವನ್ನು ಬರೀ ಅಂಕಕ್ಕಾಗಿ ಓದುವ ಪಿಯುಸಿ ವಿದ್ಯಾರ್ಥಿಗಳು, ಅದೇ ಪಾಠ ತಮ್ಮ ಊಟದ ತಟ್ಟೆಯವರೆಗೂ ಬಂದಿದೆ ಎಂಬುದನ್ನು ಗಮನಿಸಲಿ.